ಕತ್ತರಿ ಹಿಡಿದ ಕೈಯನ್ನೂ ತೋರಿಸಿ ಸ್ವಾಮಿ

ಕ್ವಿಯರ್ ಸಿನಿಮಾದ ಚರಿತ್ರೆ ಹೇಳುವ ಡಾಕ್ಯುಮೆಂಟರಿಗಳ ಬಗ್ಗೆ ನನ್ನದೊಂದು ತಕರಾರಿದೆ. ತಕರಾರು ಅಂದ ಕೂಡಲೇ "ಓ, ಇವನೂ ಸಂಸ್ಕೃತಿ ರಕ್ಷಕರ ಪಾರ್ಟಿ" ಅಂದ್ಕೋಬೇಡಿ. ಪೂರ್ತಿ ಉಲ್ಟಾ. ಇಂಥ ಚಿತ್ರಗಳು ಇನ್ನೂ ಹತ್ತು ಪಟ್ಟು ಬರಬೇಕು ಅನ್ನುವವನು ನಾನು. ಆದರೆ ಬಂದಿರುವವು ಅರ್ಧ ಕಥೆಯನ್ನಷ್ಟೇ ಹೇಳುತ್ತಿವೆ. ಆ ಅರ್ಧ ಕಥೆಯಿಂದ ಲಾಭ ಆಗುತ್ತಿರುವುದು ಅದೇ ಸಂಸ್ಕೃತಿ ರಕ್ಷಕರಿಗೆ. ಇದು ನನ್ನ ವಾದ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು, ಪೂರ್ತಿ ಓದಿ ಆಮೇಲೆ ಬೈಯಿರಿ :-)

(ಪದದ ಬಗ್ಗೆ ಒಂದು ಮಾತು. ನಮ್ಮ ಪೇಪರುಗಳಲ್ಲಿ 'ಲೈಂಗಿಕ ಅಲ್ಪಸಂಖ್ಯಾತರು' ಅಂತ ಬರೆಯುತ್ತಾರೆ. ಸಲಿಂಗಿಗಳು, ಟ್ರಾನ್ಸ್‌ಜೆಂಡರ್‌ಗಳು ಎಲ್ಲರನ್ನೂ ಸೇರಿಸಿ ಹೇಳಲು ನಾನಿಲ್ಲಿ 'ಕ್ವಿಯರ್' ಅಂತಲೇ ಬಳಸುತ್ತೇನೆ. ಸಿನಿಮಾ ಬಗ್ಗೆ ಬರೆಯುವವರಲ್ಲಿ ಅದೇ ರೂಢಿ.)

ಈ ವಿಷಯದಲ್ಲಿ ಯಾರನ್ನೇ ಕೇಳಿ, ಮೊದಲು ಹೇಳುವ ಹೆಸರು 'ದಿ ಸೆಲ್ಯುಲಾಯ್ಡ್ ಕ್ಲಾಸೆಟ್'. 1995ರ ಚಿತ್ರ. ನಿರ್ದೇಶಕರು ರಾಬ್ ಎಪ್‌ಸ್ಟೀನ್ ಮತ್ತು ಜೆಫ್ರಿ ಫ್ರೀಡ್‌ಮನ್. ನಿರೂಪಣೆಯ ದನಿ ನಟಿ ಲಿಲಿ ಟಾಮ್ಲಿನ್ ಅವರದು. ಕ್ಲಾಸೆಟ್ ಅಂದರೆ ಬಟ್ಟೆ ಇಡುವ ಬೀರು. ತಾನು ಸಲಿಂಗಿ ಅನ್ನುವುದನ್ನು ಮುಚ್ಚಿಟ್ಟುಕೊಂಡು ಬದುಕುವವರನ್ನು ಇಂಗ್ಲಿಷಿನಲ್ಲಿ ಬೀರುವಿನೊಳಗೆ ಇರುವವರು ಅನ್ನುತ್ತಾರೆ. ಹಾಗೆ ಹಾಲಿವುಡ್ ತನ್ನ ರೀಲುಗಳೊಳಗೆ ಮುಚ್ಚಿಟ್ಟಿದ್ದನ್ನು ಹೊರಗೆ ಹಾಕುವ ಚಿತ್ರ ಇದು.

ಇದರ ಮೂಲ ವೀಟೋ ರುಸೋ ಅನ್ನುವವರ ಪುಸ್ತಕ, ಅದಕ್ಕೂ ಇದೇ ಹೆಸರು. 1981ರಲ್ಲಿ ಬಂತು, 1987ರಲ್ಲಿ ಪರಿಷ್ಕರಿಸಿ ಮತ್ತೆ ಬಂತು. ರುಸೋ ಪುಸ್ತಕ ಬರೆದು ಸುಮ್ಮನೆ ಕೂತವರಲ್ಲ. ಸಿನಿಮಾ ತುಣುಕುಗಳನ್ನು ಹೊತ್ತುಕೊಂಡು ಊರೂರು ಸುತ್ತಿ, ತೋರಿಸಿ, ಉಪನ್ಯಾಸ ಕೊಟ್ಟವರು. ಒಂಥರಾ ಹರಿಕಥೆ ದಾಸರ ಹಾಗೆ. ಪುಸ್ತಕದ ಕೊನೆಗೆ ಒಂದು ಪಟ್ಟಿ ಇದೆ: ತೆರೆಯ ಮೇಲೆ ಸಲಿಂಗಿ ಪಾತ್ರಗಳು ಯಾವ ಯಾವ ಚಿತ್ರದಲ್ಲಿ ಹೇಗೆ ಹೇಗೆ ಸತ್ತವು ಅಂತ. ಆತ್ಮಹತ್ಯೆ, ಕೊಲೆ, ಇನ್ನೇನೋ. ಒಂದು ಮಾತೂ ಬೈಯದೆ ಹಾಲಿವುಡ್ಡಿನ ಮಾನ ಹರಾಜು ಹಾಕಿದ ಪಟ್ಟಿ ಅದು. ರುಸೋ 1990ರಲ್ಲಿ ಏಡ್ಸ್‌ನಿಂದ ತೀರಿಕೊಂಡರು. ಚಿತ್ರವಾಗಿದ್ದನ್ನು ಅವರು ನೋಡಲಿಲ್ಲ.

ಚಿತ್ರ ಚೆನ್ನಾಗಿಲ್ಲವಾ? ತುಂಬಾ ಚೆನ್ನಾಗಿದೆ. ನೂರಕ್ಕೂ ಹೆಚ್ಚು ಸಿನಿಮಾಗಳ ತುಣುಕುಗಳು ಒಂದರ ಹಿಂದೆ ಒಂದು ಬರುತ್ತವೆ. ಟೋನಿ ಕರ್ಟಿಸ್, ಶರ್ಲಿ ಮೆಕ್ಲೇನ್, ಗೋರ್ ವಿಡಾಲ್‌ರಂಥವರು ಕೂತು ಮಾತಾಡುತ್ತಾರೆ. ನಗು ಬರುತ್ತೆ, ಹೊಟ್ಟೆಯೊಳಗೆ ಏನೋ ಆಗುತ್ತೆ. ಆಮೇಲೆ ಇದೇ ದಾರಿಯಲ್ಲಿ ಬೇರೆಯವರೂ ಬಂದರು. 2006ರಲ್ಲಿ ಲೀಸಾ ಏಡ್ಸ್ ಮತ್ತು ಲೆಸ್ಲಿ ಕ್ಲೈನ್‌ಬರ್ಗ್ 'ಫ್ಯಾಬ್ಯುಲಸ್! ದಿ ಸ್ಟೋರಿ ಆಫ್ ಕ್ವಿಯರ್ ಸಿನಿಮಾ' ಮಾಡಿದರು. 2020ರಲ್ಲಿ ಸ್ಯಾಮ್ ಫೆಡರ್ 'ಡಿಸ್‌ಕ್ಲೋಷರ್' ಮಾಡಿದರು, ಅದು ಟ್ರಾನ್ಸ್‌ಜೆಂಡರ್ ಪಾತ್ರಗಳ ಚರಿತ್ರೆ. ಮೂರರ ಅಡುಗೆಯೂ ಒಂದೇ ಬಗೆಯದು: ಹಳೇ ಸಿನಿಮಾ ತುಣುಕು, ಅದರ ಬಗ್ಗೆ ಒಬ್ಬರ ಮಾತು, ಮತ್ತೆ ತುಣುಕು. ಮೂರೂ ಮುಖ್ಯವಾಗಿ ಅಮೆರಿಕದ ಕಥೆ.

ನನ್ನ ತಕರಾರು ಶುರುವಾಗುವುದೇ ಈ ತುಣುಕುಗಳಿಂದ. ತುಣುಕು ತೋರಿಸಬೇಕಾದರೆ ಆ ಸಿನಿಮಾ ಎಲ್ಲೋ ಉಳಿದಿರಬೇಕು. ಸುಟ್ಟು ಹೋದದ್ದರ ತುಣುಕು ಇರಲ್ಲ. ಸ್ಕ್ರಿಪ್ಟ್‌ನಲ್ಲೇ ಕೆಂಪು ಪೆನ್ಸಿಲ್ ಬಿದ್ದು ಶೂಟಿಂಗ್ ಆಗದೇ ಹೋದ ದೃಶ್ಯದ ತುಣುಕು ಮೊದಲೇ ಇರಲ್ಲ. ಅಂದಮೇಲೆ ಬರೀ ತುಣುಕು ಪೋಣಿಸಿ ಮಾಡಿದ ಚರಿತ್ರೆ ಬದುಕಿ ಉಳಿದವರ ಚರಿತ್ರೆ ಮಾತ್ರ ಆಗುತ್ತೆ. ಬೇರೆ ಯಾವ ವಿಷಯದಲ್ಲಾದರೂ ಹೋಗಲಿ ಅನ್ನಬಹುದಿತ್ತು. ಆದರೆ ಈ ಸಿನಿಮಾಗಳ ಚರಿತ್ರೆಯ ಮುಖ್ಯ ಘಟನೆಯೇ ಅಳಿಸುವುದು! ಅಳಿಸಿದ್ದನ್ನು ಬಿಟ್ಟು ಉಳಿದದ್ದನ್ನಷ್ಟೇ ತೋರಿಸಿದರೆ ಅಳಿಸಿದವನು ಆರಾಮಾಗಿ ತಪ್ಪಿಸಿಕೊಂಡ ಹಾಗೆ.

ಇನ್ನೊಂದು ತೊಂದರೆ, ಉಳಿದ ತುಣುಕು ಕೂಡ ಒಂದೊಂದು ಸಲ ಸುಳ್ಳು ಹೇಳುತ್ತೆ. ಸೆಲ್ಯುಲಾಯ್ಡ್ ಕ್ಲಾಸೆಟ್‌ನ ಶುರುವಿನಲ್ಲಿ ಇಬ್ಬರು ಗಂಡಸರು ಪಿಟೀಲಿಗೆ ಸರಿಯಾಗಿ ಒಟ್ಟಿಗೆ ಕುಣಿಯುವ ಕೆಲವೇ ಸೆಕೆಂಡುಗಳ ದೃಶ್ಯ ಬರುತ್ತೆ. 1890ರ ದಶಕದ್ದು. ಎಡಿಸನ್ನನ ಪ್ರಯೋಗಾಲಯದಲ್ಲಿ ಡಿಕ್ಸನ್ ಅನ್ನುವವನು, ಚಿತ್ರ ಮತ್ತು ಧ್ವನಿ ಎರಡನ್ನೂ ಒಟ್ಟಿಗೆ ಹಿಡಿಯಲು ಆಗುತ್ತಾ ಅಂತ ಮಾಡಿ ನೋಡಿದ ಪ್ರಯೋಗ ಅದು. ಕುಣಿದವರ ಮನಸ್ಸಿನಲ್ಲಿ ಏನಿತ್ತು ಅನ್ನುವುದಕ್ಕೆ ಯಾವ ದಾಖಲೆಯೂ ಇಲ್ಲ. ಆದರೂ ಕ್ವಿಯರ್ ಸಿನಿಮಾದ ಮೊದಲ ಚಿತ್ರ ಅನ್ನುವ ಹಾಗೆ ಅದು ಪ್ರಸಿದ್ಧವಾಗಿಬಿಟ್ಟಿದೆ. 'ಬೆನ್‌ಹರ್' (1959) ವಿಷಯವೂ ಹೀಗೇ. ಬೆನ್‌ಹರ್ ಮತ್ತು ಮೆಸಾಲ ಹಳೇ ಪ್ರೇಮಿಗಳು ಅಂತ ಅಂದುಕೊಂಡು ನಟಿಸಲು ಸ್ಟೀಫನ್ ಬಾಯ್ಡ್‌ಗೆ ಹೇಳಿದ್ದೆವು, ಚಾರ್ಲ್ಟನ್ ಹೆಸ್ಟನ್‌ಗೆ ಮಾತ್ರ ಹೇಳಿರಲಿಲ್ಲ ಅಂತ ವಿಡಾಲ್ ಮಜವಾಗಿ ಕಥೆ ಹೇಳುತ್ತಾರೆ. ಹೆಸ್ಟನ್ ಆ ಕಥೆಯನ್ನು ಒಪ್ಪಲಿಲ್ಲ. ಯಾರು ಸರಿಯೋ, ಬಿಡಿ. ಒಬ್ಬರ ನೆನಪು, ಒಂದು ತುಣುಕು, ಎರಡನ್ನೂ ಅಕ್ಕಪಕ್ಕ ಇಟ್ಟ ಮಾತ್ರಕ್ಕೆ ಸಾಕ್ಷಿ ಆಗಲ್ಲ.

ಸಾಕ್ಷಿ ಎಲ್ಲಿದೆ ಹಾಗಾದರೆ? ಕಾಗದದಲ್ಲಿದೆ.

ಹಾಲಿವುಡ್ 1930ರಲ್ಲಿ ತನಗೆ ತಾನೇ ಒಂದು ನೀತಿಸಂಹಿತೆ ಬರೆದುಕೊಂಡಿತು. ಜನ ಅದನ್ನು ಹೇಯ್ಸ್ ಕೋಡ್ ಅಂತ ಕರೆದರು. 'ಲೈಂಗಿಕ ವಿಕೃತಿ'ಯನ್ನಾಗಲಿ ಅದರ ಸುಳಿವನ್ನಾಗಲಿ ತೋರಿಸುವಂತಿಲ್ಲ ಅನ್ನುವುದು ಅದರ ಒಂದು ನಿಯಮ. ವಿಕೃತಿ ಅಂದರೆ ಏನು ಅಂತ ಎಲ್ಲರಿಗೂ ಗೊತ್ತಿತ್ತು. ಮೊದಮೊದಲು ಯಾರೂ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. 1934ರಲ್ಲಿ ಜೋಸೆಫ್ ಬ್ರೀನ್ ಅನ್ನುವವನ ಕೈಗೆ ಇದನ್ನು ಜಾರಿ ಮಾಡುವ ಕಚೇರಿ ಬಂತು. ಅಲ್ಲಿಂದ ಸ್ಕ್ರಿಪ್ಟ್ ಮೊದಲು ಅವನ ಕಚೇರಿಗೆ ಹೋಗಬೇಕು, ಆಮೇಲೆ ಶೂಟಿಂಗ್. 1961ರಲ್ಲಿ ಆ ನಿಯಮವನ್ನು ಸ್ವಲ್ಪ ಸಡಿಲ ಮಾಡಿದರು. 1968ರಲ್ಲಿ ಕೋಡ್ ಪೂರ್ತಿ ಹೋಗಿ ರೇಟಿಂಗ್ ಪದ್ಧತಿ ಬಂತು. ಅಂದರೆ ಸುಮಾರು ಮೂರು ದಶಕ ಅಮೆರಿಕದ ತೆರೆಯ ಮೇಲೆ ಏನಿರಬಾರದು ಅಂತ ಒಂದು ಆಫೀಸು ಪತ್ರ ಬರೆದು ಬರೆದು ತೀರ್ಮಾನ ಮಾಡಿತು.

ಆ ಪತ್ರಗಳು ಏನಾದವು ಗೊತ್ತಾ? ಇವೆ! ಲಾಸ್ ಏಂಜಲೀಸ್ ಪ್ರದೇಶದಲ್ಲಿ ಆಸ್ಕರ್ ಕೊಡುವ ಅಕಾಡೆಮಿಯದ್ದೇ ಮಾರ್ಗರೆಟ್ ಹೆರಿಕ್ ಲೈಬ್ರರಿ ಇದೆ. ಆ ಕಚೇರಿಯ ಫೈಲುಗಳು ಅಲ್ಲಿವೆ, ಸಿನಿಮಾವಾರು ಜೋಡಿಸಿ ಇಟ್ಟಿದ್ದಾರೆ. ಸಂಶೋಧಕರು ಹೋಗಿ ಓದುತ್ತಾರೆ.

ನಾನು ಕೆಲಸ ಮಾಡುವುದು ಸಾಫ್ಟ್‌ವೇರ್‌ನಲ್ಲಿ. ನಮ್ಮಲ್ಲಿ ಒಂದು ಸಾಲು ಕೋಡ್ ಅಳಿಸಿದರೂ ಯಾರು ಅಳಿಸಿದರು, ಯಾವತ್ತು, ಯಾಕೆ ಅಂತ ದಾಖಲೆ ಉಳಿಯುತ್ತೆ. ಏನೋ ಕೆಟ್ಟಾಗ ಈಗಿರುವ ಕೋಡನ್ನು ಮಾತ್ರ ದಿಟ್ಟಿಸಿ ನೋಡುತ್ತಾ ಕೂತರೆ ಗಂಟೆಗಟ್ಟಲೆ ಏನೂ ಸಿಗಲ್ಲ. ಅಳಿಸಿದ ದಾಖಲೆ ತೆಗೆದರೆ ಐದು ನಿಮಿಷದಲ್ಲಿ ಗೊತ್ತಾಗುತ್ತೆ. ಹಾಲಿವುಡ್ ಕೂಡ ಅಂಥದ್ದೇ ದಾಖಲೆ ಇಟ್ಟಿದೆ, ನೋಡಿ. ನಮ್ಮ ಡಾಕ್ಯುಮೆಂಟರಿಗಳು ಮಾತ್ರ ಉಳಿದ ಕೋಡನ್ನೇ ದಿಟ್ಟಿಸುತ್ತಾ ಕೂತಿವೆ. ಸೆಲ್ಯುಲಾಯ್ಡ್ ಕ್ಲಾಸೆಟ್‌ನಲ್ಲಿ ಹೇಯ್ಸ್, ಬ್ರೀನ್ ಹೆಸರು ಬರುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ, ಬರುತ್ತೆ. ಆದರೆ ಅದು ದಾರಿಯಲ್ಲಿ ಸಿಗುವ ಒಂದು ಸ್ಟಾಪ್. ನನ್ನ ಪ್ರಕಾರ ಬಸ್ಸು ಹೊರಡಬೇಕಾದದ್ದೇ ಅಲ್ಲಿಂದ.

ಹಾಗೆ ಮಾಡಿದರೆ ಬೋರ್ ಹೊಡೆಯುತ್ತೆ, ಪತ್ರ ಓದುವುದನ್ನು ಯಾರು ನೋಡುತ್ತಾರೆ ಅಂತ ಕೆಲವರು ಹೇಳಬಹುದು. ಇದೇ ಚಿತ್ರದಿಂದಲೇ ಉತ್ತರ ಕೊಡುತ್ತೇನೆ. ನೋಡಿದವರ ನೆನಪಿನಲ್ಲಿ ಉಳಿಯುವ ಭಾಗಗಳು ಯಾವುವು? 'ಸ್ಪಾರ್ಟಕಸ್' (1960) ಒಂದು. ರೋಮನ್ ಸೇನಾಪತಿ ಕ್ರಾಸಸ್, ಅವನ ಗುಲಾಮ ಆಂಟೊನೈನಸ್, ಸ್ನಾನದ ದೃಶ್ಯ. ಸಿಂಪಿ ತಿನ್ನುವುದು, ಬಸವನಹುಳು ತಿನ್ನುವುದು, ಯಾವುದು ನಿನಗಿಷ್ಟ ಅಂತ ಸೇನಾಪತಿ ಕೇಳುತ್ತಾನೆ. ಮಾತು ಊಟದ್ದಲ್ಲ ಅಂತ ನೋಡುವವರಿಗೆ ತಿಳಿಯುತ್ತೆ. 1960ರಲ್ಲಿ ಅದನ್ನು ಕತ್ತರಿಸಿದರು. 1991ರಲ್ಲಿ ಚಿತ್ರವನ್ನು ಪುನಃ ಜೋಡಿಸುವಾಗ ಚಿತ್ರಿಕೆ ಸಿಕ್ಕಿತು, ಧ್ವನಿ ಸಿಗಲಿಲ್ಲ. ಕ್ರಾಸಸ್ ಪಾತ್ರ ಮಾಡಿದ್ದ ಲಾರೆನ್ಸ್ ಒಲಿವಿಯೆ 1989ರಲ್ಲೇ ತೀರಿಕೊಂಡಿದ್ದರು. ಟೋನಿ ಕರ್ಟಿಸ್ ತನ್ನ ಮಾತನ್ನು ತಾನೇ ಮತ್ತೆ ಹೇಳಿದ. ಒಲಿವಿಯೆಗೆ ಆಂಥೊನಿ ಹಾಪ್ಕಿನ್ಸ್ ದನಿ ಕೊಟ್ಟರು. ಮೂವತ್ತೊಂದು ವರ್ಷ ಬಾಯಿ ಮುಚ್ಚಿಸಿದ ದೃಶ್ಯಕ್ಕೆ ಕೊನೆಗೆ ಬೇರೆಯವರ ಬಾಯಿ ಬೇಕಾಯಿತು. ಇದಕ್ಕಿಂತ ರೋಚಕ ಕಥೆ ಬೇಕಾ?

ಇನ್ನೊಂದು, ಲಿಲಿಯನ್ ಹೆಲ್‌ಮನ್ ಅವರ ನಾಟಕ 'ದಿ ಚಿಲ್ಡ್ರನ್ಸ್ ಅವರ್'. 1934ರದ್ದು. ಶಾಲೆ ನಡೆಸುವ ಇಬ್ಬರು ಹೆಂಗಸರ ನಡುವೆ ಸಂಬಂಧ ಇದೆ ಅಂತ ಒಬ್ಬ ಹುಡುಗಿ ಸುಳ್ಳು ಚಾಡಿ ಹೇಳುತ್ತಾಳೆ, ಇಬ್ಬರ ಬದುಕೂ ಹಾಳಾಗುತ್ತೆ. 1936ರಲ್ಲಿ ವಿಲಿಯಂ ವೈಲರ್ ಇದನ್ನು 'ದೀಸ್ ತ್ರೀ' ಅಂತ ಸಿನಿಮಾ ಮಾಡಿದಾಗ ಕೋಡ್ ಅಡ್ಡ ಬಂತು. ಚಾಡಿಯನ್ನೇ ಬದಲಾಯಿಸಿದರು. ಒಬ್ಬಳು ಇನ್ನೊಬ್ಬಳ ಹುಡುಗನ ಜೊತೆ ಇದ್ದಳು ಅಂತ ಆಯಿತು, ಅಂದರೆ ಒಂದು ಸಾಮಾನ್ಯ ತ್ರಿಕೋನ. 1961ರಲ್ಲಿ ಅದೇ ವೈಲರ್ ಮತ್ತೆ ಮಾಡಿದರು, ಈ ಸಲ ನಾಟಕದ ಹೆಸರಿನಲ್ಲೇ, ಆಡ್ರಿ ಹೆಪ್‌ಬರ್ನ್ ಮತ್ತು ಶರ್ಲಿ ಮೆಕ್ಲೇನ್ ಜೊತೆ. ತನ್ನ ಮನಸ್ಸಿನಲ್ಲಿ ಪ್ರೀತಿ ಇದ್ದದ್ದು ನಿಜ ಅಂತ ಅರಿವಾದ ಹೆಂಗಸು ಕೊನೆಗೆ ನೇಣು ಹಾಕಿಕೊಳ್ಳುತ್ತಾಳೆ. ಶೂಟಿಂಗ್ ಆದಷ್ಟು ದಿನವೂ ಪಾತ್ರ ಯಾವುದರ ಬಗ್ಗೆ ಅಂತ ನಾವು ಒಬ್ಬರಿಗೊಬ್ಬರು ಮಾತೇ ಆಡಲಿಲ್ಲ ಅಂತ ಮೆಕ್ಲೇನ್ ಡಾಕ್ಯುಮೆಂಟರಿಯಲ್ಲಿ ಹೇಳುತ್ತಾರೆ. ಒಬ್ಬನೇ ನಿರ್ದೇಶಕ, ಒಂದೇ ನಾಟಕ, ನಡುವೆ 25 ವರ್ಷ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಕತ್ತರಿಯ ಆಕಾರ ಗಾಳಿಯಲ್ಲಿ ಕಾಣುತ್ತೆ.

'ಕ್ರಾಸ್‌ಫೈರ್' (1947) ಇನ್ನೂ ವಿಚಿತ್ರ. ಅದರ ಮೂಲ ಕಾದಂಬರಿಯಲ್ಲಿ ಕೊಲೆಯಾಗುವವನು ಸಲಿಂಗಿ. ಸಿನಿಮಾದಲ್ಲಿ ಅವನು ಯಹೂದಿ. ಯಹೂದಿ ದ್ವೇಷದ ವಿರುದ್ಧದ ದಿಟ್ಟ ಸಿನಿಮಾ ಅಂತ ಹೊಗಳಿಸಿಕೊಂಡಿತು, ನಿಜಕ್ಕೂ ಒಳ್ಳೆಯ ಸಿನಿಮಾ ಕೂಡ. ಆದರೆ ಅದರ ಯಾವ ತುಣುಕು ತೋರಿಸಿದರೂ ಅಲ್ಲಿ ಮೊದಲು ಒಬ್ಬ ಸಲಿಂಗಿ ಇದ್ದ ಅಂತ ನಿಮಗೆ ಗೊತ್ತಾಗಲ್ಲ. ಕಾದಂಬರಿ ತೆಗೆದು ಪಕ್ಕದಲ್ಲಿ ಇಟ್ಟರೆ ಮಾತ್ರ ಗೊತ್ತಾಗುತ್ತೆ.

ಈ ತುಣುಕಿನ ಚರಿತ್ರೆಗೆ ಇನ್ನೊಂದು ಚಟ ಇದೆ, ಮೆಟ್ಟಿಲು ಕಟ್ಟುವುದು. ಮೊದಲು ನಗೆಪಾಟಲು, ಆಮೇಲೆ ಕನಿಕರ, ಆಮೇಲೆ ಭಯ, ಕೊನೆಗೆ ಗೌರವ. ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬಂದೆವು, ಚಪ್ಪಾಳೆ! ಅಮೆರಿಕದ ಹೊರಗೆ ಒಂದೇ ಒಂದು ಹೆಜ್ಜೆ ಇಟ್ಟರೆ ಈ ಮೆಟ್ಟಿಲು ಕುಸಿಯುತ್ತೆ.

1919, ಬರ್ಲಿನ್. ಮೊದಲ ಮಹಾಯುದ್ಧ ಮುಗಿದು, ಹಳೇ ಸರ್ಕಾರ ಬಿದ್ದು, ಅದರ ಜೊತೆ ಸೆನ್ಸಾರ್ ಕೂಡ ಬಿದ್ದಿತ್ತು. ಆ ಸಂದಿಯಲ್ಲಿ ರಿಚರ್ಡ್ ಓಸ್ವಾಲ್ಡ್ ಒಂದು ಸಿನಿಮಾ ಮಾಡಿದ, 'ಆಂಡರ್ಸ್ ಆಲ್ಸ್ ಡಿ ಆಂಡರ್ನ್'. 'ಇತರರಂತಲ್ಲದವರು' ಅನ್ನಬಹುದು. ಅವನ ಜೊತೆ ಸೇರಿ ಕಥೆ ಬರೆದದ್ದು ಡಾಕ್ಟರ್ ಮಾಗ್ನುಸ್ ಹಿರ್ಷ್‌ಫೆಲ್ಡ್, ಲೈಂಗಿಕತೆಯನ್ನು ವಿಜ್ಞಾನವಾಗಿ ಅಧ್ಯಯನ ಮಾಡಲು ಬರ್ಲಿನ್ನಿನಲ್ಲಿ ಸಂಸ್ಥೆಯನ್ನೇ ಕಟ್ಟಿದವರು. ಸಿನಿಮಾದಲ್ಲಿ ಡಾಕ್ಟರಾಗಿ ಅವರೇ ಕಾಣಿಸಿಕೊಳ್ಳುತ್ತಾರೆ. ಒಬ್ಬ ಪಿಟೀಲು ವಾದಕ (ಕಾನ್ರಾಡ್ ಫೈಟ್ ಮಾಡಿದ ಪಾತ್ರ), ಅವನನ್ನು ಬೆದರಿಸಿ ದುಡ್ಡು ಕೀಳುವ ಒಬ್ಬ ದುಷ್ಟ, ಕೋರ್ಟು, ಕೊನೆಗೆ ಸಾವು. ತಪ್ಪು ಈ ಮನುಷ್ಯನದ್ದಲ್ಲ, ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ 175ನೇ ಕಲಮಿನದ್ದು ಅಂತ ಸಿನಿಮಾ ನೇರವಾಗಿ ಹೇಳುತ್ತೆ. 1961ರ ಹಾಲಿವುಡ್ಡಿಗೆ ಇಷ್ಟು ನೇರವಾಗಿ ಹೇಳುವ ಧೈರ್ಯ ಇರಲಿಲ್ಲ. 1919ಕ್ಕೇ ಇತ್ತು!

ಆಮೇಲೆ? 1920ರಲ್ಲಿ ಸೆನ್ಸಾರ್ ಕಾನೂನು ವಾಪಸ್ ಬಂತು, ಸಾಮಾನ್ಯ ಜನ ಈ ಸಿನಿಮಾ ನೋಡದಂತೆ ತಡೆದರು. 1927ರಲ್ಲಿ ಹಿರ್ಷ್‌ಫೆಲ್ಡ್ ಇದರ ಒಂದು ಭಾಗವನ್ನು ತಮ್ಮ ಇನ್ನೊಂದು ಚಿತ್ರದೊಳಗೆ ಸೇರಿಸಿದರು. 1933ರ ಮೇ 6ರಂದು ನಾಜಿಗಳು ಅವರ ಸಂಸ್ಥೆಗೆ ನುಗ್ಗಿದರು, 10ನೇ ತಾರೀಖು ಅದರ ಪುಸ್ತಕಗಳಿಗೆ ಬೆಂಕಿ ಇಟ್ಟರು. ಮೂಲ ಸಿನಿಮಾ ಪೂರ್ತಿ ಉಳಿದಿಲ್ಲ. ನಾವು ಇವತ್ತು ನೋಡುವುದು ಉಳಿದ ಚೂರುಗಳನ್ನು ಜೋಡಿಸಿದ್ದು. 175ನೇ ಕಲಂ ಪೂರ್ತಿಯಾಗಿ ಹೋದದ್ದು 1994ರಲ್ಲಿ.

ಮೆಟ್ಟಿಲು ಎಲ್ಲಿದೆ ಇಲ್ಲಿ? ಮೇಲೆ ಹತ್ತಿದವರನ್ನು ದೂಡಿ ಕೆಳಗೆ ಹಾಕಿ ಏಣಿಯನ್ನೂ ಸುಟ್ಟ ಕಥೆ ಇದು. ಗಳಿಸಿದ್ದನ್ನು ಕಳೆದುಕೊಳ್ಳಲೂಬಹುದು ಅನ್ನುವ ಎಚ್ಚರಿಕೆ ಈ ಚರಿತ್ರೆಯ ಮುಖ್ಯ ಪಾಠ. ಹಾಲಿವುಡ್ ಮೆಟ್ಟಿಲಿನ ಕಥೆ ಅದನ್ನು ಕಲಿಸಲ್ಲ. ತಮಾಷೆ ಅಂದರೆ ಎಪ್‌ಸ್ಟೀನ್ ಮತ್ತು ಫ್ರೀಡ್‌ಮನ್ ಅವರೇ 2000ದಲ್ಲಿ 'ಪ್ಯಾರಾಗ್ರಾಫ್ 175' ಅಂತ ಇನ್ನೊಂದು ಡಾಕ್ಯುಮೆಂಟರಿ ಮಾಡಿದರು, ನಾಜಿ ಕಾಲದಲ್ಲಿ ಆ ಕಲಮಿನಡಿ ನರಳಿದವರ ಬಗ್ಗೆ. ಅವರಿಗೆ ಗೊತ್ತಿಲ್ಲ ಅಂತಲ್ಲ. ಸಿನಿಮಾದ ಚರಿತ್ರೆ ಒಂದು ಡಬ್ಬದಲ್ಲಿ, ಕಾನೂನಿನ ಚರಿತ್ರೆ ಇನ್ನೊಂದು ಡಬ್ಬದಲ್ಲಿ ಉಳಿದುಬಿಟ್ಟಿದೆ, ಅಷ್ಟೇ.

"ಅಲ್ಲಪ್ಪಾ, ಹಾಲಿವುಡ್ ಬಗ್ಗೆ ಅಂತ ಹೇಳಿಯೇ ಮಾಡಿದ ಸಿನಿಮಾ. ಅದರಲ್ಲಿ ಜರ್ಮನಿ ಎಲ್ಲಿ, ಇಂಡಿಯಾ ಎಲ್ಲಿ ಅಂತ ಕೇಳುವುದು ಇಡ್ಲಿ ಹೋಟೆಲಿನಲ್ಲಿ ಬಿರಿಯಾನಿ ಕೇಳಿದ ಹಾಗಲ್ವಾ?" ನ್ಯಾಯವಾದ ಪ್ರಶ್ನೆ. 1995ರ ಚಿತ್ರಕ್ಕೆ ನಾನು ಆ ರಿಯಾಯಿತಿ ಕೊಡುತ್ತೇನೆ. ರುಸೋಗೆ ಗೊತ್ತಿದ್ದದ್ದು ಹಾಲಿವುಡ್, ಅವರ ಜಗಳ ಹಾಲಿವುಡ್ ಜೊತೆ. ಆದರೆ 2006ರದ್ದು ತನ್ನನ್ನು 'ಕ್ವಿಯರ್ ಸಿನಿಮಾದ ಕಥೆ' ಅಂತ ಕರೆದುಕೊಳ್ಳುತ್ತೆ. ಅಮೆರಿಕದ ಕಥೆ ಅಂತ ಬೋರ್ಡ್ ಹಾಕಿಲ್ಲ. ಈ ಬೋರ್ಡಿನ ಪರಿಣಾಮ ಏನಾಗುತ್ತೆ ಅಂತ ಇಲ್ಲಿ ಕೂತ ನಮಗೆ ಗೊತ್ತು. "ಇದೆಲ್ಲಾ ಅಮೆರಿಕದ್ದು ಕಣ್ರೀ, ನಮ್ಮಲ್ಲಿ ಇರಲೇ ಇಲ್ಲ. ಬೇಕಾದರೆ ನೋಡಿ, ಅವರ ಸಿನಿಮಾದಲ್ಲಿ ನೂರು ವರ್ಷದಿಂದ ಇದೆ, ನಮ್ಮದರಲ್ಲಿ ತೋರಿಸಿ?" ಅನ್ನುವವರು ಪ್ರತಿ ಆಫೀಸಿನ ಕ್ಯಾಂಟೀನಿನಲ್ಲೂ ಒಬ್ಬರಿದ್ದಾರೆ. ತೋರಿಸಿ ಅಂದರೆ ತೋರಿಸೋಕೆ ನಮ್ಮ ಹತ್ತಿರ ತುಣುಕಿಲ್ಲ. ತುಣುಕಿಲ್ಲ ಅಂದರೆ ಚರಿತ್ರೆಯೇ ಇಲ್ಲ ಅಂತ ಅವರ ಲೆಕ್ಕ.

ಯಾಕಿಲ್ಲ ಅಂತ ನೋಡೋಣ. 1971ರಲ್ಲಿ ಪ್ರೇಮ್ ಕಪೂರ್ 'ಬದ್ನಾಮ್ ಬಸ್ತಿ' ಅನ್ನುವ ಹಿಂದಿ ಸಿನಿಮಾ ಮಾಡಿದರು. ಕಮಲೇಶ್ವರ್ ಅವರ ಕಾದಂಬರಿ ಆಧಾರಿತ. ಇಬ್ಬರು ಗಂಡಸರು, ಒಬ್ಬಳು ಹೆಂಗಸು, ಮೂವರ ನಡುವಿನ ಪ್ರೀತಿ. ಭಾರತದ ಮೊದಮೊದಲ ಕ್ವಿಯರ್ ಚಿತ್ರಗಳಲ್ಲಿ ಒಂದು ಅಂತ ಈಗ ಅದನ್ನು ಗುರುತಿಸುತ್ತಾರೆ. ದಶಕಗಳ ಕಾಲ ಅದು ಕಳೆದೇ ಹೋಗಿತ್ತು. 2019ರಲ್ಲಿ ಅದರ ಪ್ರಿಂಟ್ ಸಿಕ್ಕಿತು. ಎಲ್ಲಿ? ಬರ್ಲಿನ್ನಿನ ಆರ್ಸೆನಾಲ್ ಸಂಸ್ಥೆಯ ಸಂಗ್ರಹದಲ್ಲಿ! 2010ರಲ್ಲಿ ಯಾರಾದರೂ ಭಾರತದ ಕ್ವಿಯರ್ ಸಿನಿಮಾ ಬಗ್ಗೆ ತುಣುಕಿನ ಡಾಕ್ಯುಮೆಂಟರಿ ಮಾಡಿದ್ದರೆ ಅದರಲ್ಲಿ ಈ ಸಿನಿಮಾದ ಒಂದು ಫ್ರೇಮೂ ಇರುತ್ತಿರಲಿಲ್ಲ. ದೀಪಾ ಮೆಹ್ತಾ ಅವರ 'ಫೈರ್' (1996) ಇಂದ ಶುರು ಮಾಡುತ್ತಿದ್ದರು. ಕೆನಡಾದಲ್ಲಿ ನೆಲೆಸಿದ ನಿರ್ದೇಶಕಿ, ಇಂಗ್ಲಿಷ್ ಸಂಭಾಷಣೆ. ಕ್ಯಾಂಟೀನ್ ವಾದಕ್ಕೆ ಇನ್ನೊಂದು ಪುರಾವೆ ಸಿಗುತ್ತಿತ್ತು.

ಕಳೆದುಹೋಗುವುದು ನಮಗೆ ಹೊಸದೇನಲ್ಲ ಬಿಡಿ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' (1934), ಅದರ ಪ್ರಿಂಟೇ ನಮ್ಮ ಹತ್ತಿರ ಇಲ್ಲ. ಹಾಗಂತ ಕನ್ನಡ ಸಿನಿಮಾ 1934ರಲ್ಲಿ ಶುರುವಾಗಲೇ ಇಲ್ಲ ಅಂತ ಯಾರಾದರೂ ಹೇಳುತ್ತಾರಾ? ಜಾಹೀರಾತು, ಕಲಾವಿದರ ನೆನಪು, ಪತ್ರಿಕೆಯ ಬರಹ ಇಟ್ಟುಕೊಂಡೇ ಆ ಚರಿತ್ರೆ ಬರೆದಿದ್ದೇವೆ. ಅದೇ ನ್ಯಾಯ ಇಲ್ಲಿಗೂ ಯಾಕಿಲ್ಲ?

ಇನ್ನು ನಮ್ಮ ಕತ್ತರಿಯ ಕಥೆ. ಫೈರ್ ಚಿತ್ರಕ್ಕೆ ಸೆನ್ಸಾರ್ ಮಂಡಳಿ ಒಂದೂ ಕಟ್ ಇಲ್ಲದೆ 'ಎ' ಸರ್ಟಿಫಿಕೇಟ್ ಕೊಟ್ಟಿತ್ತು. 1998ರ ನವೆಂಬರಿನಲ್ಲಿ ಬಿಡುಗಡೆ ಆಯಿತು. ಡಿಸೆಂಬರಿನಲ್ಲಿ ಶಿವಸೇನೆಯವರು ಮುಂಬೈ, ದಿಲ್ಲಿಯ ಥಿಯೇಟರುಗಳಿಗೆ ನುಗ್ಗಿ ಒಡೆದು ಹಾಕಿದರು. ಒಮ್ಮೆ ಪಾಸಾದ ಸಿನಿಮಾವನ್ನು ಮತ್ತೆ ಮಂಡಳಿಗೆ ಕಳಿಸಿದರು. 1999ರ ಫೆಬ್ರವರಿಯಲ್ಲಿ ಮತ್ತೆ ಪಾಸಾಯಿತು. ಶ್ರೀಧರ್ ರಂಗಾಯನ್ ಅವರ 'ಗುಲಾಬಿ ಆಯಿನಾ'ಗೆ 2003ರಲ್ಲಿ ಸರ್ಟಿಫಿಕೇಟೇ ಸಿಗಲಿಲ್ಲ. 1991ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಸೆನ್ಸಾರ್ ಮಂಡಳಿಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಏನು ಬರೆದಿತ್ತು ಗೊತ್ತಾ? 'ಲೈಂಗಿಕ ವಿಕೃತಿ'ಯ ದೃಶ್ಯಗಳನ್ನು ತೋರಿಸಬಾರದು, ಕಥೆಗೆ ತೀರಾ ಅಗತ್ಯ ಇದ್ದರೆ ಕನಿಷ್ಠ ಮಟ್ಟಕ್ಕೆ ಇಳಿಸಬೇಕು, ವಿವರ ತೋರಿಸಕೂಡದು ಅಂತ. ಹಾಲಿವುಡ್ 1930ರಲ್ಲಿ ಬರೆದ ಅದೇ ಮಾತು! ಅವರು 1968ರಲ್ಲಿ ಬಿಸಾಡಿದ ಕೋಡಿನ ಪದ ನಮ್ಮಲ್ಲಿ 1991ರಲ್ಲಿ ಸರ್ಕಾರಿ ಆದೇಶವಾಗಿ ಕೂತಿತು. ಈಗ ಹೇಳಿ, ಅಮೆರಿಕದಿಂದ ಬಂದದ್ದು ಪ್ರೀತಿಯಾ, ಕತ್ತರಿಯಾ?

ಕಾನೂನಿನ ಕಥೆಯೂ ಬರ್ಲಿನ್ನಿನ ಕಥೆಯ ಹಾಗೆ ಮೇಲೆ ಕೆಳಗೆ ಆಗಿದೆ. 377ನೇ ಕಲಮನ್ನು ದಿಲ್ಲಿ ಹೈಕೋರ್ಟು 2009ರಲ್ಲಿ ಮೊಟಕು ಮಾಡಿತು. 2013ರಲ್ಲಿ ಸುಪ್ರೀಂ ಕೋರ್ಟು ಅದನ್ನು ಮತ್ತೆ ಕೂರಿಸಿತು. 2018ರ ಸೆಪ್ಟೆಂಬರ್ 6ರಂದು ಅದೇ ಸುಪ್ರೀಂ ಕೋರ್ಟು ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧವಲ್ಲ ಅಂತ ತೀರ್ಪು ಕೊಟ್ಟಿತು. ನಾಲ್ಕು ವರ್ಷ ಕಾನೂನುಬದ್ಧವಾಗಿದ್ದವರು ಒಂದು ಬೆಳಿಗ್ಗೆ ಮತ್ತೆ ಅಪರಾಧಿಗಳಾದರು, ಐದು ವರ್ಷ ಹಾಗೇ ಇದ್ದರು. ಮೆಟ್ಟಿಲಿನ ಕಥೆ ಹೇಳುವವರು ಈ ಐದು ವರ್ಷವನ್ನು ಎಲ್ಲಿ ಇಡುತ್ತಾರೆ?

ಡಿಸ್‌ಕ್ಲೋಷರ್ ಬಗ್ಗೆ ಎರಡು ಒಳ್ಳೆಯ ಮಾತು ಹೇಳದಿದ್ದರೆ ಅನ್ಯಾಯ. ಅದರಲ್ಲಿ ಮಾತಾಡುವವರು ಟ್ರಾನ್ಸ್ ಸಮುದಾಯದವರೇ. 'ಏಸ್ ವೆಂಚುರಾ'ದಂಥ (1994) ಸಿನಿಮಾದಲ್ಲಿ ಥಿಯೇಟರೆಲ್ಲ ಬಿದ್ದು ಬಿದ್ದು ನಕ್ಕ ದೃಶ್ಯವನ್ನು ತೋರಿಸಿ, ಆ ನಗುವಿನ ಎದುರು ಕೂತಿದ್ದ ನಮಗೆ ಏನಾಯಿತು ಅಂತ ಹೇಳುತ್ತಾರೆ. ಕ್ಯಾಮೆರಾ ಹಿಂದೆಯೂ ಟ್ರಾನ್ಸ್ ಜನರಿಗೆ ಮೊದಲ ಆದ್ಯತೆ ಕೊಟ್ಟರು. ಸಿಗದ ಕಡೆ ಬೇರೆಯವರನ್ನು ತೆಗೆದುಕೊಂಡು, ಅವರಿಂದ ಒಬ್ಬ ಟ್ರಾನ್ಸ್ ವ್ಯಕ್ತಿಗೆ ಆ ಕೆಲಸ ಕಲಿಸಿದರು. ಯಾರು ನಗಿಸಿದರು, ಯಾರ ಖರ್ಚಿನಲ್ಲಿ ನಗಿಸಿದರು ಅಂತ ಕೇಳುವುದು ಕೂಡ ಕತ್ತರಿ ಹಿಡಿದ ಕೈಯನ್ನು ಹುಡುಕುವ ಕೆಲಸವೇ.

ಇದೇ ಪ್ರಶ್ನೆಯನ್ನು ಕನ್ನಡಕ್ಕೆ ಕೇಳಿಕೊಂಡರೆ? ನಮ್ಮ ಹೆಮ್ಮೆಯ ತುಣುಕು ಯಾವುದು ಅಂತ ಗೊತ್ತು: ಬಿ.ಎಸ್. ಲಿಂಗದೇವರು ಅವರ 'ನಾನು ಅವನಲ್ಲ ಅವಳು' (2015). ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ ಆಧರಿಸಿದ್ದು, ಸಂಚಾರಿ ವಿಜಯ್‌ಗೆ ರಾಷ್ಟ್ರಪ್ರಶಸ್ತಿ ಬಂತು. ವಿಜಯ್ 2021ರಲ್ಲಿ ಅಪಘಾತದಲ್ಲಿ ಹೋಗಿಬಿಟ್ಟರು, ಅವರ ಅಭಿನಯದ ಬಗ್ಗೆ ನನಗೆ ಎರಡು ಮಾತಿಲ್ಲ. ಮುಂದೊಂದು ದಿನ ಯಾರೋ ಕನ್ನಡದ ಡಾಕ್ಯುಮೆಂಟರಿ ಮಾಡುತ್ತಾರೆ, ಈ ತುಣುಕು ಹಾಕುತ್ತಾರೆ, ನಾವು ಚಪ್ಪಾಳೆ ಹೊಡೆಯುತ್ತೇವೆ. ಆದರೆ ನಮ್ಮ ಕಮರ್ಷಿಯಲ್ ಸಿನಿಮಾಗಳ ಕಾಮಿಡಿ ಟ್ರ್ಯಾಕಿನಲ್ಲಿ ಕೈ ತಟ್ಟಿಕೊಂಡು ಬಂದು ಹೋದ ಹಿಜ್ರಾ ಪಾತ್ರಗಳು, ನಡುಗೆ ನೋಡಿ ನಗಿಸಲೆಂದೇ ಬರೆದ 'ಹೆಣ್ಣಿಗ' ಪಾತ್ರಗಳು, ಅವನ್ನು ಬರೆದವರು, ಪಾಸು ಮಾಡಿದವರು, ಸೀಟಿ ಹೊಡೆದ ನಾವು? ಅದೂ ಆ ಚಿತ್ರದಲ್ಲಿ ಇರಬೇಕು. ಒಂದು ಪ್ರಶಸ್ತಿ ಮುಂದಿಟ್ಟು ಉಳಿದ ಲೆಕ್ಕ ಮುಚ್ಚಲಾಗದು.

ಹಾಗಾಗಿ ಮುಂದೆ ಇಂಥ ಡಾಕ್ಯುಮೆಂಟರಿ ಮಾಡುವವರಿಗೆ ನನ್ನ ಬೇಡಿಕೆ ಮೂರು. ಒಂದು, ಸಿಕ್ಕ ತುಣುಕಿನ ಪಕ್ಕ ಸಿಗದ ತುಣುಕಿಗೂ ಜಾಗ ಬಿಡಿ. ತೆರೆ ಹತ್ತು ಸೆಕೆಂಡು ಕಪ್ಪಾಗಿರಲಿ, ಇಲ್ಲಿ ಏನಿತ್ತು, ಯಾರು ತೆಗೆದರು ಅಂತ ದನಿ ಹೇಳಲಿ. ಎರಡು, ಪತ್ರ, ಆದೇಶ, ಕೋರ್ಟಿನ ಕಾಗದ ಓದಿ. ತೆಗೆದವರ ಹೆಸರು ಹೇಳಿ. ಮೂರು, ಒಂದು ಊರಿನ ಕಥೆ ಹೇಳುವಾಗ ಆ ಊರಿನ ಹೆಸರನ್ನು ಬೋರ್ಡಿನ ಮೇಲೆ ಬರೆಯಿರಿ. ಜಗತ್ತಿನ ಕಥೆ ಅನ್ನಬೇಡಿ.

ರುಸೋ ಸತ್ತ ಪಾತ್ರಗಳ ಪಟ್ಟಿ ಮಾಡಿದರು. ಸತ್ತ ಸಿನಿಮಾಗಳ ಪಟ್ಟಿ ಮಾಡುವ ಕೆಲಸ ಹಾಗೇ ಉಳಿದಿದೆ. ನಮ್ಮ ದೇಶದ ಪಟ್ಟಿಯನ್ನು ನಾವೇ ಮಾಡಬೇಕು. ಅದಕ್ಕೂ ಬರ್ಲಿನ್ನಿನವರು ಬರಲಿ ಅಂತ ಕಾಯುತ್ತಾ ಕೂರುವುದು ಬೇಡ.